ಐದಕ್ಕೆ ಮೂರೂವರೆ ಸ್ಟಾರ್: ಎಲ್ಲರನ್ನೂ ಒಳಗೊಳ್ಳುವ ಪಾಠದ ಬಗ್ಗೆ ಒಂದು ಆರು ವಾರದ ಕೋರ್ಸು

ಮೊದಲೇ ಹೇಳಿಬಿಡುತ್ತೇನೆ, ಈ ಆನ್‌ಲೈನ್ ಕೋರ್ಸಿಗೆ ನಾನು ಸೇರಿದ್ದು ಜ್ಞಾನದ ಹಸಿವಿನಿಂದೇನೂ ಅಲ್ಲ. ಒಂದು ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು. ಅದರ ಜೊತೆ 'ಟೀಚಿಂಗ್ ಫಿಲಾಸಫಿ ಸ್ಟೇಟ್‌ಮೆಂಟ್' ಅಂತ ಒಂದೆರಡು ಪುಟ ಬರೆದು ಕೊಡಿ ಅಂದಿದ್ದರು. ಯಾಕೆ ಪಾಠ ಮಾಡುತ್ತೀರಿ, ಹೇಗೆ ಮಾಡುತ್ತೀರಿ, ಎದುರಿಗೆ ಕೂತವರು ಕಲಿತಿದ್ದಾರೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ, ಇಷ್ಟು ಅದರಲ್ಲಿ ಇರಬೇಕು. ಹನ್ನೊಂದು ವರ್ಷದಿಂದ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತಿದ್ದೇನೆ, ಎರಡು ಪುಟ ಯಾವ ಲೆಕ್ಕ ಅಂದುಕೊಂಡೆ. ಮೂರು ಸಂಜೆ ಕೂತರೂ ಬಂದದ್ದು ಒಂದೇ ಪ್ಯಾರಾ. ಅದರ ಮೊದಲ ಸಾಲು ಹೀಗಿತ್ತು: "ಪ್ರತಿಯೊಬ್ಬ ವಿದ್ಯಾರ್ಥಿಯೂ ವಿಶಿಷ್ಟ ಎಂದು ನಾನು ದೃಢವಾಗಿ ನಂಬುತ್ತೇನೆ." ಓದಿದರೆ ನನಗೇ ನಗು ಬಂತು. ಈ ಸಾಲನ್ನು ಜೀವಮಾನದಲ್ಲಿ ಒಂದು ದಿನವೂ ಪಾಠ ಮಾಡದವರೂ ಬರೆಯಬಹುದು, ಅಲ್ವಾ?

ಆಗ ಕಣ್ಣಿಗೆ ಬಿದ್ದದ್ದು ಈ ಕೋರ್ಸು. ಎಲ್ಲರನ್ನೂ ಒಳಗೊಳ್ಳುವ ಪಾಠ ಮಾಡುವುದು ಹೇಗೆ ಅಂತ ಐದು ವಾರ, ಅದನ್ನೆಲ್ಲ ಸೇರಿಸಿ ನಿಮ್ಮದೇ ಸ್ಟೇಟ್‌ಮೆಂಟ್ ಬರೆಯುವುದು ಆರನೇ ವಾರ. ವಾರಕ್ಕೆ ಎರಡು ಗಂಟೆ ವಿಡಿಯೋ, ಒಂದು ಅಭ್ಯಾಸ, ಒಂದು ಲೈವ್ ಕ್ಲಾಸು, ಜೊತೆಗೆ ಕೊನೆತನಕ ಒಬ್ಬರೇ ಪಾರ್ಟ್ನರ್. ನಡೆಸುವವರ ಹೆಸರು ಹೇಳುವುದಿಲ್ಲ. ಬೈಯುವ ವಿಷಯ ಕೆಲವಿದೆ, ಹೊಗಳುವ ವಿಷಯವೂ ಇದೆ, ಇಂಥ ಕೋರ್ಸುಗಳು ಈಗ ಹತ್ತಾರಿವೆ. ನೀವು ಯಾವುದಕ್ಕೆ ಸೇರುವ ಮುಂಚೆಯೂ ಏನು ನೋಡಿಕೊಳ್ಳಬೇಕು ಅಂತ ಗೊತ್ತಾದರೆ ಸಾಕು.

ಮೊದಲ ವಾರ ಯುಡಿಎಲ್, ಅಂದರೆ ಯೂನಿವರ್ಸಲ್ ಡಿಸೈನ್ ಫಾರ್ ಲರ್ನಿಂಗ್. ಅಮೆರಿಕದಲ್ಲಿ 1984ರಲ್ಲಿ ಶುರುವಾದ ಕ್ಯಾಸ್ಟ್ ಅನ್ನುವ ಸಂಸ್ಥೆ ಬೆಳೆಸಿದ ಚೌಕಟ್ಟು ಇದು. ಹೆಸರು ಬಂದಿರುವುದು ಕಟ್ಟಡ ಕಟ್ಟುವವರಿಂದ. ರೊನಾಲ್ಡ್ ಮೇಸ್ ಅಂತ ಒಬ್ಬ ಆರ್ಕಿಟೆಕ್ಟ್ ಇದ್ದರು, ಅವರೇ ವೀಲ್‌ಚೇರ್ ಬಳಸುತ್ತಿದ್ದವರು. ಕಟ್ಟಡ ಮುಗಿದ ಮೇಲೆ ಹಿಂದುಗಡೆ ಎಲ್ಲೋ ಒಂದು ರ‍್ಯಾಂಪ್ ಅಂಟಿಸುವ ಬದಲು ನಕ್ಷೆ ಬರೆಯುವಾಗಲೇ ಎಲ್ಲರನ್ನೂ ನೆನಪಿಟ್ಟುಕೊಳ್ಳಿ ಅನ್ನುವುದು ಅವರ ವಾದ. ರ‍್ಯಾಂಪ್ ಇದ್ದರೆ ಮಗುವಿನ ಗಾಡಿ ತಳ್ಳುವವರಿಗೂ ಅನುಕೂಲ, ಭಾರದ ಸೂಟ್‌ಕೇಸ್ ಎಳೆಯುವವರಿಗೂ ಅನುಕೂಲ. ಪಾಠಕ್ಕೆ ಇದನ್ನೇ ತಂದರೆ ಮೂರು ಮಾತು. ವಿಷಯದಲ್ಲಿ ಮನಸ್ಸು ತೊಡಗಿಸಲು, ವಿಷಯ ತಲುಪಿಸಲು, ಕಲಿತದ್ದನ್ನು ತೋರಿಸಲು, ಮೂರಕ್ಕೂ ಒಂದಕ್ಕಿಂತ ಜಾಸ್ತಿ ದಾರಿ ಇಡಿ.

ಕೇಳಲು ಚೆನ್ನಾಗಿದೆ. ಆದರೆ ವಿಡಿಯೋ ಪೂರ್ತಿ ಈ ಎತ್ತರದಲ್ಲೇ ಹಾರುತ್ತದೆ, ಕೆಳಗೆ ಇಳಿಯುವುದೇ ಇಲ್ಲ. ಉದಾಹರಣೆ ನಾವೇ ಹುಡುಕಿಕೊಳ್ಳಬೇಕು. ನಾನು ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆದುಕೊಂಡೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಹೇಳುವ ಅಳತೆ. ಇಷ್ಟು ವರ್ಷ ನಾನು ಅದನ್ನು ಶುರು ಮಾಡುತ್ತಿದ್ದದ್ದು ಫಾರ್ಮುಲಾದಿಂದ, ಬೋರ್ಡಿನ ಎಡ ಮೂಲೆಯಲ್ಲಿ ದೊಡ್ಡದಾಗಿ ವರ್ಗಮೂಲದ ಚಿಹ್ನೆ ಎಳೆದು. ಈ ಸಲ ಎರಡು ಬಸ್ಸಿನ ಕಥೆಯಿಂದ ಶುರು ಮಾಡಿದೆ. ಒಂದು ಬಸ್ಸಿಗೆ ಮೂರು ದಿನ ಕಾದದ್ದು 9, 10, 11 ನಿಮಿಷ. ಇನ್ನೊಂದಕ್ಕೆ 1, 10, 19. ಎರಡರ ಸರಾಸರಿಯೂ 10. ಹಾಗಾದರೆ ಪರೀಕ್ಷೆಯ ದಿನ ಯಾವ ಬಸ್ಸನ್ನು ನಂಬುತ್ತೀರಿ? ಇಡೀ ಕ್ಲಾಸು ಒಂದೇ ಸಲ ಬಾಯಿ ತೆರೆಯಿತು. ಆಮೇಲೆ ಗೆರೆಯ ಮೇಲೆ ಚುಕ್ಕಿ ಇಟ್ಟು ತೋರಿಸಿದೆ, ಫಾರ್ಮುಲಾ ಕೊನೆಗೆ ಬಂತು. ಅಷ್ಟು ಹೊತ್ತಿಗೆ ಅದು ಏನನ್ನು ಅಳೆಯುತ್ತಿದೆ ಅಂತ ಎಲ್ಲರಿಗೂ ಗೊತ್ತಿತ್ತು, ಅಳೆಯುವ ಕೋಲು ಮಾತ್ರ ಹೊಸದು.

ಒಂದು ಗೊಣಗಾಟ. ಯುಡಿಎಲ್ ಮಾರ್ಗಸೂಚಿಯ 3.0 ಆವೃತ್ತಿ 2024ರಲ್ಲೇ ಬಂದಿದೆ. ಇವರು ಹಂಚಿದ ಚಾರ್ಟ್ 2018ರದ್ದು. ದುಡ್ಡು ಕೊಟ್ಟು ಸೇರುವ ಕೋರ್ಸಿನಲ್ಲಿ ಇಷ್ಟಾದರೂ ನೋಡಿಕೊಳ್ಳಬಾರದೇ?

ಎರಡನೇ ವಾರ ನನಗೆ ನಿಜಕ್ಕೂ ಕೋಪ ಬಂತು. 'ನಿಮ್ಮ ವಿದ್ಯಾರ್ಥಿಗಳನ್ನು ಅರಿಯಿರಿ' ಅಂತ ಶೀರ್ಷಿಕೆ ಕೊಟ್ಟು ಲರ್ನಿಂಗ್ ಸ್ಟೈಲ್ ಕ್ವಿಜ್ ಹಿಡಿಸಿದರು. ಇವನು ನೋಡಿ ಕಲಿಯುವವನು, ಇವಳು ಕೇಳಿ ಕಲಿಯುವವಳು, ಮತ್ತೊಬ್ಬ ಕೈಯಲ್ಲಿ ಮಾಡಿ ಕಲಿಯುವವನು, ಅವರವರ ಶೈಲಿಗೆ ತಕ್ಕಂತೆ ಪಾಠ ಮಾಡಿ ಅಂತ. 2008ರಲ್ಲೇ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪ್ಯಾಶ್ಲರ್ ಮತ್ತು ಅವರ ಜೊತೆಗಾರರು ಇದರ ಮೇಲಿನ ಸಂಶೋಧನೆಯನ್ನೆಲ್ಲ ಜಾಲಾಡಿ, ಶೈಲಿಗೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ ಅಂತ ಬರೆದಿದ್ದಾರೆ. ಯುಡಿಎಲ್ ಹೇಳುವುದು ದಾರಿಗಳು ಹಲವು ಇರಲಿ, ಎಲ್ಲರಿಗೂ ಎಲ್ಲವೂ ತೆರೆದಿರಲಿ ಅಂತ. ಈ ಕ್ವಿಜ್ ಮಾಡುವುದು ಒಬ್ಬೊಬ್ಬರ ಹಣೆಗೆ ಒಂದೊಂದು ಚೀಟಿ ಅಂಟಿಸಿ ಒಂದೊಂದೇ ದಾರಿ ತೋರಿಸುವ ಕೆಲಸ. ಎರಡೂ ಒಂದೇ ಕೋರ್ಸಿನ ಅಕ್ಕಪಕ್ಕದ ವಾರಗಳಲ್ಲಿ ಹೇಗೆ ಕೂತಿವೆಯೋ ದೇವರೇ ಬಲ್ಲ. ಲೈವ್ ಕ್ಲಾಸಿನಲ್ಲಿ ಕೇಳಿದೆ. "ಸುಮ್ನೆ ಒಂದು ಆತ್ಮಾವಲೋಕನಕ್ಕೆ ಅಂತ ಇಟ್ಟಿದ್ದೇವೆ ಸರ್" ಅಂದರು. ಈ ವಾರಕ್ಕೆ ನನ್ನ ಅಂಕ ಸೊನ್ನೆ.

ಇಲ್ಲಿಗೇ ಬಿಟ್ಟುಬಿಡೋಣ ಅನ್ನಿಸಿತ್ತು. ಬಿಟ್ಟಿದ್ದರೆ ಮೂರನೇ ವಾರ ತಪ್ಪಿಹೋಗುತ್ತಿತ್ತು.

ಮೂರನೇ ವಾರದ ಅಭ್ಯಾಸ ಒಂದೇ ಸಾಲು. ನಿಮ್ಮದೇ ಒಂದು ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ವಿದ್ಯಾರ್ಥಿಗಳಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ, ಆಮೇಲೆ ಒಬ್ಬರೇ ಕೂತು ಕೇಳುತ್ತಾ ಎಣಿಸಿ. ಎಷ್ಟು ಪ್ರಶ್ನೆ ಕೇಳಿದಿರಿ, ಯಾರು ಉತ್ತರ ಕೊಟ್ಟರು, ನೀವು ಎಷ್ಟು ಹೊತ್ತು ಕಾದಿರಿ. ಅಷ್ಟೇ. ನನ್ನ ಪಾಠ 50 ನಿಮಿಷದ್ದು, ಕ್ಲಾಸಿನಲ್ಲಿ 46 ಜನ. ಒಂದು ಹಾಳೆ ತೆಗೆದುಕೊಂಡು ಕಡ್ಡಿ ಗೀಚುತ್ತಾ ಹೋದೆ, ನಾಲ್ಕು ಕಡ್ಡಿಗೆ ಒಂದು ಅಡ್ಡಗೆರೆ. ಪ್ರಶ್ನೆ 31. ಅದರಲ್ಲಿ 22ಕ್ಕೆ ಉತ್ತರ ಕೊಟ್ಟವರು ಅದೇ ನಾಲ್ಕು ಜನ. ಆರಕ್ಕೆ ನಾನೇ ಉತ್ತರ ಕೊಟ್ಟುಕೊಂಡಿದ್ದೇನೆ. ಉಳಿದ ಮೂರಕ್ಕೆ ಮೂವರು ಬೇರೆಯವರು. ಅಂದರೆ 39 ಜನರ ದನಿ ಆ ರೆಕಾರ್ಡಿಂಗಿನಲ್ಲಿ ಇಲ್ಲವೇ ಇಲ್ಲ. ನನ್ನ ಕ್ಲಾಸು 'ಲವಲವಿಕೆಯ ಕ್ಲಾಸು' ಅಂತ ನಾನು ಹನ್ನೊಂದು ವರ್ಷ ನಂಬಿಕೊಂಡಿದ್ದೆ. ಲವಲವಿಕೆ ಇತ್ತು, ಸುಳ್ಳಲ್ಲ, ನಾಲ್ಕು ಜನರದ್ದು.

ಅದಕ್ಕಿಂತ ಕಷ್ಟವಾದದ್ದು "ಅರ್ಥ ಆಯ್ತಲ್ವಾ?" ಅನ್ನುವ ನನ್ನದೇ ದನಿ. 19 ಸಲ. ಕೇಳಿ ಉಸಿರು ಬಿಡುವಷ್ಟರಲ್ಲಿ ಮುಂದಿನ ವಾಕ್ಯಕ್ಕೆ ಹೋಗಿಬಿಟ್ಟಿದ್ದೇನೆ. ಅರ್ಥ ಆಗಲಿಲ್ಲ ಅಂತ ಎದ್ದು ಹೇಳಲು ಅಷ್ಟು ಜನರ ನಡುವೆ ಯಾರಿಗೆ ಧೈರ್ಯ ಬರುತ್ತದೆ? ಧೈರ್ಯ ಬಂದರೂ ಹೇಳಲು ಜಾಗವೆಲ್ಲಿ?

ಇಲ್ಲಿ ಕೋರ್ಸಿನವರು ಕೊಟ್ಟ ಮಾಹಿತಿ ಸರಿಯಾದ ಜಾಗದಲ್ಲಿ ಬಂದು ಕೂತಿತು. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಟೇಪ್ ರೆಕಾರ್ಡರ್ ಇಟ್ಟು ಅಳೆದಿದ್ದರು. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಕಾಯುವುದು ಸರಾಸರಿ ಒಂದು ಸೆಕೆಂಡಿನ ಆಸುಪಾಸು. ಅದನ್ನು ಮೂರು ಸೆಕೆಂಡಿಗೆ ಎಳೆದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನೆ ಕೂತಿರುತ್ತಿದ್ದವರೂ ಮಾತಾಡುತ್ತಾರೆ, 'ಗೊತ್ತಿಲ್ಲ' ಅನ್ನುವುದು ಕಡಿಮೆಯಾಗುತ್ತದೆ. ಬರೀ ಮೂರು ಸೆಕೆಂಡು! ಓದಿದರೆ ಏನೂ ಅನ್ನಿಸುವುದಿಲ್ಲ. ಕ್ಲಾಸಿನ ಮುಂದೆ ನಿಂತು ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿ ನೋಡಿ. ಫ್ಯಾನಿನ ಸದ್ದು ಕೇಳಿಸಲು ಶುರುವಾಗುತ್ತದೆ. ಯಾರೋ ಪೆನ್ನಿನ ಮುಚ್ಚಳ ಒತ್ತುತ್ತಿರುತ್ತಾರೆ. ಏನೋ ಎಡವಟ್ಟಾಗಿದೆ ಅಂತ ಅಂಗೈ ಬೆವರುತ್ತದೆ. ಹೀಗೆ ಕಾಯಲು ಶುರು ಮಾಡಿದ ವಾರ ನನಗೆ ಎರಡರ ಮೇಲೆ ಹೋಗಲಾಗಲಿಲ್ಲ.

ಇನ್ನೊಂದು ಉಪಾಯ ಥಿಂಕ್-ಪೇರ್-ಶೇರ್. ಫ್ರ್ಯಾಂಕ್ ಲೈಮನ್ ಅನ್ನುವವರು 1981ರಲ್ಲಿ ಕೊಟ್ಟದ್ದು, ಬಹಳ ಜನಕ್ಕೆ ಗೊತ್ತಿರುತ್ತದೆ. ಮೊದಲು ಒಬ್ಬರೇ ಯೋಚಿಸಿ, ಆಮೇಲೆ ಪಕ್ಕದವರ ಜೊತೆ ಮಾತಾಡಿ, ಆಮೇಲೆ ಎಲ್ಲರ ಮುಂದೆ ಹೇಳಿ. ನಾನು ಇದನ್ನು ಚಿಕ್ಕ ಮಕ್ಕಳ ಆಟ ಅಂದುಕೊಂಡು ಬಿಟ್ಟಿದ್ದೆ. ಮಾಡಿಸಿದ ಮೊದಲ ದಿನವೇ, ಕಂಬದ ಪಕ್ಕದ ಬೆಂಚಿನಿಂದ ಒಬ್ಬಳು ಎದ್ದು ನಿಂತು, "ಸರ್, ನಂದಲ್ಲ, ಇವಳು ಬರೆದಿದ್ದಾಳೆ, ಇವಳದ್ದು ಸರಿ ಇದೆ" ಅಂತ ಪಕ್ಕದವಳ ನೋಟ್‌ಬುಕ್ ಎತ್ತಿ ತೋರಿಸಿದಳು. ಹೋಗಿ ನೋಡಿದೆ. ಮಾರ್ಜಿನ್‌ನಲ್ಲಿ ಪೆನ್ಸಿಲಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣಗೆ ಉತ್ತರ. ಹಿಂದಿನ ಪುಟ ತಿರುಗಿಸಿದರೆ ಅಲ್ಲೂ ಮಾರ್ಜಿನ್‌ನಲ್ಲಿ ಉತ್ತರ. ಅದರ ಹಿಂದೆಯೂ. ಇಡೀ ಸೆಮಿಸ್ಟರ್ ಆ ಹುಡುಗಿ ನನ್ನ ಪ್ರತಿ ಪ್ರಶ್ನೆಗೂ ಉತ್ತರ ಕೊಟ್ಟಿದ್ದಾಳೆ, ನನಗೆ ಕೊಟ್ಟಿಲ್ಲ ಅಷ್ಟೇ.

"ಅರ್ಥ ಆಯ್ತಲ್ವಾ" ಬದಲಿಗೆ ಈಗ ಕೊನೆಯ ಮೂರು ನಿಮಿಷ ಒಂದು ಚೀಟಿ. ಹೆಸರು ಬೇಡ, ಇವತ್ತು ಯಾವುದು ಮಬ್ಬಾಗಿಯೇ ಉಳಿಯಿತು ಅಂತ ಒಂದು ಸಾಲು ಬರೆಯಿರಿ. ಫ್ರೆಡ್ರಿಕ್ ಮಾಸ್ಟೆಲರ್ ತಮ್ಮ ಕ್ಲಾಸಿನಲ್ಲಿ ಹೀಗೆ ಬರೆಸುತ್ತಿದ್ದರಂತೆ. ದೊಡ್ಡ ಸ್ಟ್ಯಾಟಿಸ್ಟಿಷಿಯನ್ ಅವರು, ನಮ್ಮ ಸಬ್ಜೆಕ್ಟಿನವರೇ, ನನಗೇ ಗೊತ್ತಿರಲಿಲ್ಲ ನೋಡಿ. ಮೊದಲ ದಿನದ 46 ಚೀಟಿಯಲ್ಲಿ 17ರಲ್ಲಿ ಒಂದೇ ವಿಷಯ: "ಯಾಕೆ ಒಂದು ಕಡೆ n, ಇನ್ನೊಂದು ಕಡೆ n ಮೈನಸ್ 1?" (n ಅಂದರೆ ಒಟ್ಟು ಎಷ್ಟು ಅಂಕಿಗಳಿವೆ ಅನ್ನುವುದು, ಸ್ಟ್ಯಾಂಡರ್ಡ್ ಡೀವಿಯೇಶನ್ನಿನ ಫಾರ್ಮುಲಾದಲ್ಲಿ ಯಾವುದರಿಂದ ಭಾಗಿಸಬೇಕು ಅನ್ನುವ ಪ್ರಶ್ನೆ ಇದು.) ಅದನ್ನು ನಾನು ಹೇಳಿದ್ದೆ. ಅರ್ಥ ಆಯ್ತಲ್ವಾ ಅಂತಲೂ ಕೇಳಿದ್ದೆ.

ನಾಲ್ಕನೇ ವಾರ ಅಸೈನ್‌ಮೆಂಟ್ ಬಗ್ಗೆ. ಮೇರಿ-ಆ್ಯನ್ ವಿಂಕಲ್‌ಮ್ಸ್ ಅನ್ನುವವರು ಕಟ್ಟಿದ ಟಿಲ್ಟ್, ಅಂದರೆ ಟ್ರಾನ್ಸ್‌ಪರೆನ್ಸಿ ಇನ್ ಲರ್ನಿಂಗ್ ಅಂಡ್ ಟೀಚಿಂಗ್ ಅನ್ನುವ ಪದ್ಧತಿ. ಯಾವ ಕೆಲಸ ಕೊಟ್ಟರೂ ಮೂರು ವಿಷಯ ಬಿಚ್ಚಿ ಬರೆಯಿರಿ: ಇದು ಯಾತಕ್ಕೆ, ಏನು ಮಾಡಬೇಕು, ಅಂಕ ಯಾವುದಕ್ಕೆ. ನನ್ನ ಹಳೆಯ ಹತ್ತು ಅಂಕದ ಪ್ರಶ್ನೆ "ಕೆಳಗಿನ ದತ್ತಾಂಶವನ್ನು ವಿಶ್ಲೇಷಿಸಿ, ಚರ್ಚಿಸಿ." ಚರ್ಚಿಸಿ ಅಂದರೆ ಏನು? ಎಷ್ಟು ಉದ್ದ? ಗ್ರಾಫ್ ಬೇಕಾ ಬೇಡವಾ? ಅಣ್ಣನೋ ಅಕ್ಕನೋ ಮೊದಲು ಓದಿರುವ ಮನೆಯಲ್ಲಿ ಇದಕ್ಕೆ ಉತ್ತರ ಊಟದ ಹೊತ್ತಿಗೆ ಸಿಕ್ಕಿಬಿಡುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ಊಹೆ ಮಾಡಬೇಕು. ಹಾಗಾದರೆ ಆ ಹತ್ತು ಅಂಕದಲ್ಲಿ ಒಂದಿಷ್ಟು ಅಂಕ ನಾನು ಊಹೆಗೆ ಕೊಡುತ್ತಿದ್ದೆ, ಸ್ಟ್ಯಾಟಿಸ್ಟಿಕ್ಸಿಗಲ್ಲ. ಈಗ ಅದೇ ಪ್ರಶ್ನೆ ಆರು ಸಾಲಾಗಿದೆ, ಕಳೆದ ವರ್ಷದ ಎರಡು ಉತ್ತರಗಳನ್ನೂ ಹೆಸರು ತೆಗೆದು ಜೊತೆಗೆ ಕೊಡುತ್ತೇನೆ, ಒಂದು ಚೆನ್ನಾಗಿರುವುದು, ಒಂದು ಅಷ್ಟಕ್ಕಷ್ಟೇ ಇರುವುದು.

ಇದನ್ನು ಹೇಳಿದ ತಕ್ಷಣ ನನ್ನ ಸ್ಟಾಫ್ ರೂಮಿನಲ್ಲಿ ಬಂದ ಮಾತು ಇಲ್ಲೂ ಬರಬಹುದು, "ಹೀಗೆ ಬಾಯಿಗೆ ತುತ್ತಿಟ್ಟರೆ ಅವರು ಕಲಿಯುವುದೇನು?" ಲೆಕ್ಕ ಸುಲಭವಾಗಿಲ್ಲ ಸ್ವಾಮಿ. ಲೆಕ್ಕ ಅಷ್ಟೇ ಕಷ್ಟ ಇದೆ. ಮೇಷ್ಟ್ರ ಮನಸ್ಸಿನಲ್ಲಿ ಏನಿದೆ ಅಂತ ಕಣಿ ಕೇಳುವ ಕೆಲಸ ಮಾತ್ರ ತಪ್ಪಿದೆ.

ಐದನೇ ವಾರಕ್ಕೆ ಬಂದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ವಿಷಯ: ಪಾಠದ ಸಾಮಗ್ರಿ ಎಲ್ಲರ ಕೈಗೂ ಎಟುಕುವಂತೆ ಮಾಡುವುದು. ನನ್ನ ಪಾರ್ಟ್ನರ್ ಒಬ್ಬ ಭಾಷಾ ಶಿಕ್ಷಕಿ, ಅವರಿಗೆ ಕಣ್ಣು ಕಾಣುವುದಿಲ್ಲ, ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುತ್ತಾರೆ. ಆ ವಾರದ ನಾಲ್ಕು ಪಿಡಿಎಫ್‌ಗಳೂ ಪುಸ್ತಕದ ಹಾಳೆಯನ್ನು ಓರೆಯಾಗಿ ಸ್ಕ್ಯಾನ್ ಮಾಡಿದ ಚಿತ್ರಗಳು. ಅಕ್ಷರವೇ ಇಲ್ಲದ ಚಿತ್ರ ಸ್ಕ್ರೀನ್ ರೀಡರಿಗೆ ಖಾಲಿ ಹಾಳೆ ಇದ್ದ ಹಾಗೆ. ಮೇಡಂ ಕಾಲ್ ಮಾಡಿ ಸ್ಪೀಕರ್ ಹತ್ತಿರ ಫೋನ್ ಹಿಡಿದರು. "ಪುಟ ಒಂದು" ಅಂತು, ಸುಮ್ಮನಾಯಿತು. "ಪುಟ ಎರಡು" ಅಂತು, ಸುಮ್ಮನಾಯಿತು. "ಕೇಳಿಸಿತಾ ಸರ್, ಎಲ್ಲರನ್ನೂ ಒಳಗೊಳ್ಳುವುದು ಹೇಗೆ ಅಂತ ಹೇಳುತ್ತಾ ಇದೆ" ಅಂದರು. ಕೊನೆಗೆ ಆ ನಾಲ್ಕನ್ನೂ ನಾನೇ ಓದಿ ರೆಕಾರ್ಡ್ ಮಾಡಿ ಕಳಿಸಿದೆ.

ವಿಡಿಯೋದ ಕ್ಯಾಪ್ಷನ್ ತಾನಾಗಿಯೇ ಹುಟ್ಟಿದ್ದು, ಯಾರೂ ತಿದ್ದಿಲ್ಲ. 'ಇನ್‌ಕ್ಲೂಷನ್' ಅಂದಾಗಲೆಲ್ಲ ಅರ್ಧಕ್ಕರ್ಧ ಸಲ 'ಇನ್ ಕನ್‌ಕ್ಲೂಷನ್' ಅಂತ ಬರುತ್ತದೆ, ಪಾಪ ಕಿವಿ ಕೇಳದವರು ಪಾಠ ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಿರಬೇಕು. ಸ್ಲೈಡಿನಲ್ಲಿ ಬಿಳಿ ಹಿನ್ನೆಲೆಗೆ ತಿಳಿ ಬೂದು ಅಕ್ಷರ. ಅದೇ ಸ್ಲೈಡಿನಲ್ಲಿ, ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ತಿಳಿ-ಗಾಢದ ಅಂತರ) ಕನಿಷ್ಠ 4.5ಕ್ಕೆ 1 ಇರಬೇಕು ಅನ್ನುವ ವೆಬ್ ನಿಯಮ ಬರೆದಿದ್ದಾರೆ. ಲೈವ್ ಕ್ಲಾಸು ವಾರಕ್ಕೆ ಒಂದೇ ಹೊತ್ತಿಗೆ, ಹಾಜರಿ ಕಡ್ಡಾಯ, ರೆಕಾರ್ಡಿಂಗ್ 48 ಗಂಟೆಯಲ್ಲಿ ಮಾಯ. ಚಿಕ್ಕ ಮಗು ಇದ್ದ ಒಬ್ಬರು ಮೂರನೇ ವಾರಕ್ಕೇ ಬಿಟ್ಟರು.

ಹಾಗಂತ ವಿಷಯ ಕೆಟ್ಟದಿತ್ತು ಅನ್ನಲಾರೆ. ನಾನು ಗ್ರಾಫಿನಲ್ಲಿ ಎರಡು ಗುಂಪು ತೋರಿಸಲು ಯಾವಾಗಲೂ ಒಂದು ಕೆಂಪು ಗೆರೆ, ಒಂದು ಹಸಿರು ಗೆರೆ ಎಳೆಯುತ್ತಿದ್ದೆ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಕೆಂಪು-ಹಸಿರು ಬೇರ್ಪಡಿಸುವುದು ಕಷ್ಟ, ಬೇರೆ ಕಡೆಯೂ ಇದು ಅಪರೂಪವೇನಲ್ಲ. ಈಗ ಒಂದು ಗೆರೆ ಗಟ್ಟಿ, ಒಂದು ಚುಕ್ಕಿ ಚುಕ್ಕಿ. ಖರ್ಚಿಲ್ಲ, ಶ್ರಮವಿಲ್ಲ. ಕಪ್ಪು-ಬಿಳುಪು ಜೆರಾಕ್ಸ್ ತೆಗೆಸುವವರಿಗೂ ಈಗ ಗ್ರಾಫ್ ಅರ್ಥವಾಗುತ್ತಿದೆ.

ಆರನೇ ವಾರ, ಸ್ಟೇಟ್‌ಮೆಂಟ್. ಮೊದಲು ಡೇನಿಯಲ್ ಪ್ರ್ಯಾಟ್ ಮತ್ತು ಜಾನ್ ಕಾಲಿನ್ಸ್ ಅವರ ಟೀಚಿಂಗ್ ಪರ್ಸ್ಪೆಕ್ಟಿವ್ಸ್ ಇನ್ವೆಂಟರಿ ಅನ್ನುವ ಪ್ರಶ್ನಾವಳಿ ತುಂಬಿಸಿದರು. ಪಾಠವನ್ನು ನೋಡುವ ಐದು ದೃಷ್ಟಿ ಅದರಲ್ಲಿದೆ: ವಿಷಯವನ್ನು ಸರಿಯಾಗಿ ದಾಟಿಸುವುದು, ಜೊತೆಗೆ ಕೆಲಸ ಮಾಡಿಸಿ ಪಳಗಿಸುವುದು, ಯೋಚನೆಯ ರೀತಿಯನ್ನು ಬೆಳೆಸುವುದು, ಆತ್ಮವಿಶ್ವಾಸ ಕೊಟ್ಟು ಪೊರೆಯುವುದು, ಸಮಾಜ ಬದಲಿಸುವುದು. ಯಾವುದೂ ಮೇಲಲ್ಲ, ಕೀಳಲ್ಲ. ನನ್ನ 'ದಾಟಿಸುವುದು' ಎಲ್ಲಕ್ಕಿಂತ ಎತ್ತರಕ್ಕೆ ನಿಂತಿತು, 'ಪೊರೆಯುವುದು' ನೆಲ ಹಿಡಿದಿತ್ತು. ಆದರೆ ನಾನು ಬರೆದಿಟ್ಟಿದ್ದ ಪ್ಯಾರಾ ತುಂಬ ಪೊರೆಯುವ ಮಾತೇ. ಸಿಕ್ಕಿಬಿದ್ದೆ.

ಮುಂದಿನದ್ದು ಪಾರ್ಟ್ನರ್ ಜೊತೆ. ಈ ಕೋರ್ಸಿನಲ್ಲಿ ನನಗೆ ಸಿಕ್ಕ ನಿಜವಾದ ಮೇಷ್ಟ್ರು ಈ ಮೇಡಂ. ನನ್ನ ಕರಡನ್ನು ಸ್ಕ್ರೀನ್ ರೀಡರಿನಲ್ಲಿ ನನಗೆ ಒಂದಕ್ಷರ ಹಿಡಿಯಲಾಗದ ವೇಗದಲ್ಲಿ ಓಡಿಸುತ್ತಾರೆ, ಪ್ರತಿ ವಾಕ್ಯಕ್ಕೂ ನಿಲ್ಲಿಸುತ್ತಾರೆ, ಒಂದೇ ಪ್ರಶ್ನೆ. "ಇದು ಹೋದ ವಾರ ಯಾವ ದಿನ ನಡೆಯಿತು ಸರ್?"

"ನಾನು ಎಲ್ಲರ ದನಿಗೂ ಬೆಲೆ ಕೊಡುತ್ತೇನೆ."

"ಯಾವ ದಿನ?"

ಉತ್ತರವಿಲ್ಲದಿದ್ದರೆ ಸಾಲು ಹೋಯಿತು. ಒಂದು ಗಂಟೆಯಲ್ಲಿ ಎರಡು ಪುಟದಿಂದ ಏಳು ಸಾಲಿಗೆ ಬಂದೆ. ಆ ಏಳರಿಂದ ಮತ್ತೆ ಕಟ್ಟಿದ್ದು ಒಂದೂವರೆ ಪುಟ. "ಎಲ್ಲರ ದನಿಗೂ ಬೆಲೆ" ಇದ್ದ ಜಾಗದಲ್ಲಿ ಈಗ ಹೀಗಿದೆ: "ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡು ಕಾಯುತ್ತೇನೆ. ಮೊದಲು ಬರೆಯಿಸುತ್ತೇನೆ, ಆಮೇಲೆ ಮಾತಾಡಿಸುತ್ತೇನೆ. ವಾರಕ್ಕೊಮ್ಮೆ ನನ್ನ ಪಾಠ ರೆಕಾರ್ಡ್ ಮಾಡಿ ಯಾರ್ಯಾರು ಮಾತಾಡಿದರು ಅಂತ ಎಣಿಸುತ್ತೇನೆ. ಮೊದಲ ಸಲ 46ರಲ್ಲಿ 7 ಜನ ಇದ್ದರು, ಮೂರನೇ ಸಲ 21." ಆ 21ರ ಬಗ್ಗೆ ನನಗೆ ಇನ್ನೂ ಮುಜುಗರ ಇದೆ, ಅರ್ಧದಷ್ಟೂ ಆಗಲಿಲ್ಲವಲ್ಲ ಅಂತ. ತೆಗೆದುಬಿಡಲಾ ಅಂತ ಕೇಳಿದೆ. "ಅದೊಂದೇ ಸಾಲು ನೋಡಿ ನೀವು ಇರೋದು" ಅಂದರು ಮೇಡಂ. ಇಟ್ಟೆ.

ಟ್ಯೂಟರ್ ಅಭಿಪ್ರಾಯ ಮಾತ್ರ ನಿರಾಸೆ. "ಚೆನ್ನಾಗಿದೆ, ಇನ್ನಷ್ಟು ಆಳಕ್ಕೆ ಹೋಗಬಹುದಿತ್ತು" ಅಂತ ನನಗೆ ಬಂತು. ಮೇಡಂಗೂ ಅದೇ ಬಂದಿದೆ, ಅಕ್ಷರ ಅಕ್ಷರ ಅದೇ.

ಯಾರು ಸೇರಬಹುದು ಅಂದರೆ, ಈಗ ಕೈಯಲ್ಲಿ ಒಂದು ಕ್ಲಾಸು ಇರುವವರು. ಇನ್ನೂ ಪಾಠ ಶುರು ಮಾಡದವರು ಸೇರಬೇಡಿ, ಮೂರನೇ ವಾರಕ್ಕೆ ರೆಕಾರ್ಡ್ ಮಾಡಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ, ಅದಿಲ್ಲದೆ ಉಳಿದದ್ದೆಲ್ಲ ಬರೀ ಸ್ಲೈಡು. ಅರ್ಜಿಗೆ ಸ್ಟೇಟ್‌ಮೆಂಟ್ ಬೇಕು ಅಷ್ಟೇ ಅನ್ನುವವರು ಫೀಸು ಉಳಿಸಿಕೊಳ್ಳಿ. ಹೋದ ವಾರ ಕ್ಲಾಸಿನಲ್ಲಿ ನೀವು ನಿಜಕ್ಕೂ ಮಾಡಿದ ಹತ್ತು ಕೆಲಸ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಯಾಕೆ ಅಂತ ಒಂದು ಸಾಲು ಬರೆಯಿರಿ, ಮುಲಾಜಿಲ್ಲದ ಒಬ್ಬ ಸ್ನೇಹಿತರ ಕೈಗೆ ಕೊಡಿ. ಸೇರುವುದೇ ಆದರೆ ಮೊದಲು ಒಂದು ಸ್ಯಾಂಪಲ್ ಪಿಡಿಎಫ್ ತರಿಸಿ, ಅದರಲ್ಲಿ ಒಂದು ಪದವನ್ನು ಮೌಸಿನಲ್ಲಿ ಸೆಲೆಕ್ಟ್ ಮಾಡಿ ನೋಡಿ. ಸೆಲೆಕ್ಟ್ ಆಗದಿದ್ದರೆ ಅವರು ತಮ್ಮ ಪಾಠವನ್ನು ತಾವೇ ಓದಿಲ್ಲ ಅಂತ ಲೆಕ್ಕ.

ಪಿಡಿಎಫ್ ಬಗ್ಗೆ ಅವರಿಗೆ ಎರಡು ಮೇಲ್ ಹಾಕಿದೆ. ಮೊದಲನೆಯದಕ್ಕೆ ಧನ್ಯವಾದ ಹೇಳುವ ಯಂತ್ರದ ಉತ್ತರ. ಎರಡನೆಯದಕ್ಕೆ ಮನುಷ್ಯರೊಬ್ಬರು ಬರೆದರು, ಮುಂದಿನ ಬ್ಯಾಚಿಗೆ ಸರಿಪಡಿಸುತ್ತೇವೆ ಅಂತ. ಮೇಡಂ ಬಿಡುತ್ತಾರಾ, ಹೊಸ ಬ್ಯಾಚಿನವರ ಹತ್ತಿರ ಫೈಲ್ ತರಿಸಿಕೊಂಡು ಓದಿಸಿ ನೋಡಿದ್ದಾರೆ. ನಾಲ್ಕರಲ್ಲಿ ಮೂರು ಮಾತಾಡುತ್ತಿವೆ. ನಾಲ್ಕನೆಯದು ಇನ್ನೂ "ಪುಟ ಒಂದು" ಅಂದು ಸುಮ್ಮನಾಗುತ್ತಿದೆಯಂತೆ. ಅದು ಬಾಯಿ ಬಿಟ್ಟ ದಿನ ಇನ್ನರ್ಧ ಸ್ಟಾರ್ ಸೇರಿಸುತ್ತೇನೆ.